ಹದಿನೇಳನೇ ನಂಬರು

ಇರೋದು ಎರಡು ಕಾಲು, ಸೈಕಲ್ಲು ಆರು ಯಾಕೆ ತಾಯೀ
ಅಂದಳು ಎದುರುಮನೆ ಸಾಕಮ್ಮ,
ಸಂಕ್ರಾಂತಿಯ ಎಳ್ಳು ಬೀರಲು ಬಂದವಳು,
ನಡುಮನೆಯಲ್ಲಿ ಹೆಜ್ಜೆಯಿಡಲು ತಾವಿಲ್ಲದೆ
ಬ್ರೇಕಿಗೆ ಸೆರಗು ಸಿಕ್ಕಿಸಿಕೊಂಡು.

ಮುದ್ದೆ ತೊಳಸೋ ಮಡಕೇಲಿ ಪಾಯಸ ಕಾಯಿಸ್ತೀಯಾ ನೀನು?
ಅಂದೆ. ನಕ್ಕಳು. ಒಪ್ಪಲಿಲ್ಲ.

ಮನೆಮನೆಯ ಕರೆಂಟು ಮೀಟರು ಓದುವ ಕೆಲಸ ನನ್ನದು,
ಗುತ್ತಲಿನಿಂದ ಹೊಸಹಳ್ಳಿಯವರೆಗೆ
ಯಾವ ಗೇಟಿನ ನಾಯಿ ಯಾವ ಕಾಲಿಗೆ ಬಾಯಿ ಹಾಕುತ್ತದೆಂದು ಬಲ್ಲೆ.
ಅದಕ್ಕೇ ಆ ಗಿಡ್ಡನೆಯದು, ಬುಟ್ಟಿಯದು:
ಎರಡೂ ಕಾಲೆತ್ತಿ ಕೂತರೂ
ತನ್ನ ಪಾಡಿಗೆ ಹತ್ತು ಮಾರು ಹೋಗುವಂಥದು.

ಕಬ್ಬು ಅರೆಯುವ ಕಾಲಕ್ಕೆ ಅದು ಆಗಿಬರುವುದಿಲ್ಲ.
ಗಾಡಿಗಳು ಕೊರೆದ ಕೊರಕಲಿಗೆ ಚಕ್ರ ಇಳಿಯಿತೋ,
ಎತ್ತಿನ ಬಾಲ ನೋಡುತ್ತ ಫ್ಯಾಕ್ಟರಿ ಗೇಟಿನ ತನಕ ಹೋಗಲೇಬೇಕು.
ಒಮ್ಮೆ ಹೋದೆ. ತೂಕದ ಮನೆಯವನು
ನಿಮ್ಮದೆಷ್ಟು ಟನ್ನಮ್ಮ ಅಂದ.
ಆ ತಿಂಗಳ ಸಂಬಳಕ್ಕೇ ಬಂತು ದಪ್ಪ ಟೈರಿನದು,
ಎಮ್ಮೆಕರುವಿನ ಹಾಗೆ,
ಎಲ್ಲಿ ನುಗ್ಗಿಸಿದರೂ ಗೊಣಗುತ್ತಲೇ ನುಗ್ಗುತ್ತದೆ.

ಭಾನುವಾರದ ನಸುಕಿಗೆ ಬೇರೆ.
ಟಗರುಕೊಂಬಿನ ಹ್ಯಾಂಡಲ್ಲು, ಬೆರಳಗಲದ ಟೈರು,
ಸರ್ವೀಸ್ ರೋಡಿನಲ್ಲಿ ಶ್ರೀರಂಗಪಟ್ಟಣಕ್ಕೆ.
ತಂತಿಬೇಲಿಯಾಚೆ ಕಾರುಗಳು ಸುಂಯ್ ಸುಂಯ್,
ಈಚೆ ನಾನು, ಒಂದು ಹಾಲಿನ ಕ್ಯಾನು,
ಎದುರು ಬರುವ ಎರಡು ಆಡು.
ಕರಿಘಟ್ಟ ಹತ್ತಲು ಮಾತ್ರ ಗೇರಿನದು. ಅದೊಂದು ತಿರುವಿನಲ್ಲಿ
ಎದ್ದು ನಿಂತು ತುಳಿಯುವಾಗ ಕೋತಿಗಳು
ತಿನ್ನುವುದು ಬಿಟ್ಟು ನೋಡುತ್ತವೆ.

ಐದನೆಯದರ ಮಾತು ಬೇಡ. ಮೂರು ಕಂತು ಬಾಕಿ.
ಸಾಕಮ್ಮನ ನಾದಿನಿಯದು, ಜಾಗವಿಲ್ಲವೆಂದು ಇಟ್ಟಿದ್ದಾಳೆ
ಅಂತ ನಮ್ಮೆಜಮಾನರು ತಿಳಿದಿದ್ದಾರೆ.

ಇನ್ನು ಈ ಹಸಿರುಬಣ್ಣದ್ದು,
ಮಡ್‌ಗಾರ್ಡಿನ ಮೇಲೆ ಬಿಳೀ ಪೇಂಟಿನ ಹದಿನೇಳು.
ಪೇಟೆಬೀದಿಯ ಖಲೀಮ್ ಸಾಬರ ಬಾಡಿಗೆ ಸೈಕಲ್ಲು,
ಗಂಟೆಗೆ ಐವತ್ತು ಪೈಸೆ.
ಸೀಟಿಗೆ ಎಟುಕದೆ, ಒಳಪೆಡ್ಲಿನಲ್ಲೇ ನಾಲೆಯ ತನಕ ಹೋದವಳು
ಏರಿಯಿಂದ ಉರುಳಿ, ಮೊಣಕಾಲು ತರೆದು,
ಚೈನು ಕೈಯಲ್ಲಿ ಹಿಡಿದು ತಳ್ಳಿಕೊಂಡು ಬಂದೆ.
ಸಾಬರು ಗಾಯ ನೋಡಿದರು, ಗಡಿಯಾರ ನೋಡಿದರು,
ಪುಸ್ತಕದಲ್ಲಿ ಬರೆದರು: ಅರ್ಧ ಗಂಟೆ ಬಾಕಿ.

ಆಮೇಲೆ ಆ ಬೀದಿಯಲ್ಲಿ ನಾನು ಒಂದು ವರ್ಷ ಕಾಲಿಡಲಿಲ್ಲ.

ಅಂಗಡಿ ಎತ್ತಿ ಮೊಬೈಲಿನದು ಮಾಡುವಾಗ
ಮಗ ಎಲ್ಲವನ್ನೂ ಗುಜರಿಗೆ ತೂಗಿಸುತ್ತಿದ್ದ.
ಹದಿನೇಳು ತಕ್ಕಡಿ ಏರುವ ಮುಂಚೆ ನಾನು ಅಡ್ಡ ಹೋದೆ.
ಸ್ಟೂಲಿನ ಮೇಲೆ ಕೂತಿದ್ದರು ಸಾಬರು.
ನನ್ನದೊಂದು ಬಾಕಿ ಇತ್ತು, ಅಂದೆ.
ಯಾವ ಬಾಕಿ ಮಗಾ, ಅಂದರು.
ಪುಸ್ತಕ ಎಲ್ಲಿ ಅಂದರೆ
ಸ್ಟೌ ಹಚ್ಚಲಿಕ್ಕೆ ಹೋಯಿತಲ್ಲ, ಎಷ್ಟೋ ವರ್ಷವಾಯಿತು, ಅಂದರು.
ಇಪ್ಪತ್ತೈದು ಪೈಸೆಯ ನಾಣ್ಯವೂ ಈಗ ಎಲ್ಲಿದೆ.

ಇದನ್ನು ಯಾವ ಕೆಲಸಕ್ಕೂ ಹೊರಗೆ ತೆಗೆಯುವುದಿಲ್ಲ.
ಊರಿಗೆಲ್ಲ ಕರೆಂಟು ಹೋಗಬೇಕು,
ನಾನು ಓದುವ ಮೀಟರುಗಳೆಲ್ಲ ಒಟ್ಟಿಗೆ ನಿಲ್ಲಬೇಕು,
ಆಗ ತೆಗೆಯುತ್ತೇನೆ.
ಡೈನಮೋ ಟೈರಿಗೆ ಒತ್ತಿದರೆ
ತುಳಿದಷ್ಟೇ ಬೆಳಕು. ನಿಂತರೆ ಅದೂ ಇಲ್ಲ.
ಈ ಯೂನಿಟ್ಟಿಗೆ ಬಿಲ್ಲು ಹರಿಯುವವರಿಲ್ಲ.

ನೆನ್ನೆ ಸಂಜೆ ಹಾಗೇ ಹೊರಟಾಗ
ಗೇಟಿನಲ್ಲಿ ಸೊಳ್ಳೆ ಹೊಡೆಯುತ್ತ ನಿಂತಿದ್ದಳು ಸಾಕಮ್ಮ.
ಇದ್ಯಾತಕ್ಕೆ, ಇದು?
ಕತ್ತಲೆಗೆ, ಅಂದೆ.

ಬೀದಿಯ ಆ ಕೊನೆ ನೋಡಿದಳು, ಈ ಕೊನೆ ನೋಡಿದಳು,
ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು.
ಕ್ಯಾರಿಯರ್ ಗಟ್ಟಿ ಐತಾ?